ಬಿದ್ದ ಮೇಲೆ ತಿರುವಿನಲ್ಲಿ ಕೈ ಬಿಗಿಯಾಗುತ್ತಿದ್ದರೆ

ಬೈಕಿನಲ್ಲಿ ಹೋಗುವಾಗ ಜಲ್ಲಿ ಮೇಲೆ ಜಾರಿ ಬಿದ್ದೆ, ನೇರ ರಸ್ತೆಯಲ್ಲಿ ತೊಂದರೆಯಿಲ್ಲ, ತಿರುವು ಬಂದರೆ ಮಾತ್ರ ಕೈ ಬಿಗಿಯಾಗುತ್ತೆ ಅಂದಿದ್ದೀರಿ. ಹಾಗಾದರೆ ಬಹುಶಃ ಗಾಡಿ ವಾಲಿದ್ದಾಗಲೇ ಮುಂದಿನ ಬ್ರೇಕ್ ಹಿಡಿದಿದ್ದೀರಿ. ಜಲ್ಲಿ ಮೇಲೆ ಹಾಗೆ ಹಿಡಿದರೆ ಚಕ್ರ ಲಾಕ್ ಆಗಿ ಮುಂಭಾಗ ಜಾರಿಬಿಡುತ್ತೆ.

ಮೊದಲು ಮೆಕ್ಯಾನಿಕ್ ಹತ್ತಿರ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆ), ಹ್ಯಾಂಡಲ್, ಮುಂದಿನ ರಿಮ್ ನೋಡಿಸಿ. ಫೋರ್ಕ್ ಸ್ವಲ್ಪ ತಿರುಚಿದ್ದರೂ ಗಾಡಿ ಒಂದು ಕಡೆಗೆ ಎಳೆಯುತ್ತೆ; ಅದನ್ನು ನಿಮ್ಮ ಭಯ ಅಂದುಕೊಂಡು ಒದ್ದಾಡಬೇಡಿ. ಬಿದ್ದಾಗ ಹೆಲ್ಮೆಟ್ಟಿಗೆ ಪೆಟ್ಟಾಗಿದ್ದರೆ ಹೊರಗೆ ಗೀರು ಕಾಣದಿದ್ದರೂ ಬದಲಾಯಿಸಿ, ಒಳಗಿನ ಥರ್ಮಾಕೋಲ್ ಕುಗ್ಗಿರಬಹುದು.

ಆಮೇಲೆ ಭಾನುವಾರ ಬೆಳಿಗ್ಗೆ ಖಾಲಿ ಮೈದಾನ. ನೇರವಾಗಿ ಹೋಗುತ್ತಾ ಎರಡೂ ಬ್ರೇಕ್ ಮೆಲ್ಲಗೆ ಒತ್ತಿ ನಿಲ್ಲಿಸೋದು ಕೈಗೆ ಹತ್ತಲಿ. ನಂತರ ಎರಡನೇ ಗೇರಿನಲ್ಲಿ ದೊಡ್ಡ ಸುತ್ತು. ತಿರುಗುವ ಮುಂಚೆಯೇ ವೇಗ ಇಳಿಸಿ ಬ್ರೇಕ್ ಬಿಟ್ಟುಬಿಡಿ, ಕಣ್ಣು ಹೋಗಬೇಕಾದ ಕಡೆ ಇರಲಿ. ಜಲ್ಲಿಯನ್ನೇ ದಿಟ್ಟಿಸಿದರೆ ಗಾಡಿ ಅಲ್ಲಿಗೇ ಹೋಗುತ್ತೆ, ಇದು ವಿಚಿತ್ರ ಅನ್ನಿಸಿದರೂ ನಿಜ. ಮೊಣಕೈ ಸಡಿಲವಾಗಿರಲಿ, ಟ್ಯಾಂಕನ್ನು ಮೊಣಕಾಲಲ್ಲಿ ಒತ್ತಿಕೊಳ್ಳಿ; ಆಗ ಕೈ ಮೇಲಿನ ಭಾರ ಇಳಿಯುತ್ತೆ.

ಸುತ್ತು ಸರಾಗವಾದ ಮೇಲೆ ಬಿದ್ದ ಜಾಗಕ್ಕೆ ಹಗಲಲ್ಲಿ, ಒಣ ರಸ್ತೆಯಲ್ಲಿ ಹೋಗಿ. ಮಳೆ, ರಾತ್ರಿ, ಹಿಂದೆ ಜನ ಕೂರಿಸೋದು ಎಲ್ಲ ಆಮೇಲೆ. ಎಷ್ಟು ವಾರ ಬೇಕು ಅಂತ ಹೇಳೋಕಾಗಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ.

ನಿದ್ದೆಯಲ್ಲೂ ಅಪಘಾತವೇ ಕಾಣುತ್ತಿದ್ದರೆ ಅಭ್ಯಾಸ ಮಾತ್ರ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.