ಭಾನುವಾರ ಬಂದರೆ ಎದೆ ಭಾರ ಅಂತ ಬರೆದ ಚಿಂತಾಮಣಿಯ ತಮ್ಮನಿಗೆ

ತಮ್ಮಾ, ಅಣ್ಣಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಚಿಂತಾಮಣಿಯಿಂದ ಜರ್ಮನಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಕೆಲಸ ಚೆನ್ನಾಗಿದೆ, ಮನೆ ಸಿಕ್ಕಿದೆ, ಅಪ್ಪ ಮಾಡಿದ್ದ ಸಾಲವೂ ತೀರುತ್ತಾ ಬಂದಿದೆ, ಆದರೆ ಭಾನುವಾರ ಬಂದರೆ ಎದೆ ಭಾರ ಆಗುತ್ತದೆ, ಇಷ್ಟೆಲ್ಲ ಯಾತಕ್ಕೆ ಅನ್ನಿಸುತ್ತದೆ ಅಂದಿದ್ದೀಯ. ಇದು ಎಲ್ಲರಿಗೂ ಹೀಗೇನಾ, ಊರಿಗೆ ವಾಪಸ್ ಹೋದರೆ ಸರಿಹೋಗುತ್ತಾ ಅಂತ ಕೇಳಿದ್ದೀಯ.

ಎಲ್ಲರಿಗೂ ಅಲ್ಲ, ಆದರೆ ತುಂಬಾ ಜನಕ್ಕೆ ಆಗುತ್ತದೆ. ನನಗೂ ಆಗಿತ್ತು. ಬ್ಲೂ ಕಾರ್ಡ್ ಅನ್ನುವ ಕೆಲಸದ ಪರವಾನಗಿ, ತೆರಿಗೆ, ಬಾಡಿಗೆ ಅಂತ ಕೇಳುವವರು ಜಾಸ್ತಿ, ಇದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. ನೀನು ಕೇಳಿದ್ದು ಒಳ್ಳೆಯದಾಯಿತು.

ಭಾನುವಾರವೇ ಯಾಕೆ ಅಂತ ಯೋಚಿಸಿದ್ದೀಯಾ? ಇಲ್ಲಿ ಭಾನುವಾರ ಅಂಗಡಿಗಳನ್ನು ಕಾನೂನೇ ಮುಚ್ಚಿಸುತ್ತದೆ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ಡ್ರಿಲ್ ಹಾಕುವ ಹಾಗಿಲ್ಲ. ಡಿಸೆಂಬರ್‌ನಲ್ಲಿ ಸಂಜೆ 4:30ಕ್ಕೆಲ್ಲ ಕತ್ತಲು. ವಾರವೆಲ್ಲ ಓಡಿದ ಮನುಷ್ಯ ಅವತ್ತು ಸುಮ್ನೆ ಕೂರಲೇಬೇಕು, ಕೂತಾಗ ಒಳಗಿರುವುದು ಕಾಣುತ್ತದೆ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಇದನ್ನೇ ಭಾನುವಾರದ ಬೇನೆ ಎಂಬರ್ಥದಲ್ಲಿ ಹೆಸರಿಟ್ಟು ಬರೆದಿದ್ದಾರೆ: ವಾರದ ಗಡಿಬಿಡಿ ನಿಂತಾಗ ತನ್ನ ಬದುಕಿನಲ್ಲಿ ಹುರುಳಿಲ್ಲ ಅನ್ನುವುದು ಅರಿವಿಗೆ ಬಂದು ಕುಗ್ಗಿ ಹೋಗುವುದು. ಅಂದರೆ ಇದು ಪರದೇಶಕ್ಕೆ ಬಂದವರಿಗೆ ಮಾತ್ರ ಬರುವ ಕಾಯಿಲೆ ಅಲ್ಲ. ಹುಟ್ಟಿದ ಊರಲ್ಲೇ ಇದ್ದವರಿಗೂ ಇತ್ತು.

ಆ ಮನುಷ್ಯನ ಮಾತನ್ನು ನಾನು ನಂಬುವುದಕ್ಕೆ ಒಂದು ಕಾರಣ ಇದೆ. 1942ರಲ್ಲಿ ನಾಜಿಗಳು ಅವರನ್ನು ಮನೆಯವರ ಜೊತೆ ಹಿಡಿದುಕೊಂಡು ಹೋದರು. ಆಶ್‌ವಿಟ್ಜ್ ಸೇರಿ ನಾಲ್ಕು ಸೆರೆ ಶಿಬಿರ ಕಂಡರು. 1945ರ ಏಪ್ರಿಲ್‌ನಲ್ಲಿ ಬಿಡುಗಡೆಯಾಗಿದ್ದು ಇಲ್ಲೇ, ನಾನಿರುವ ಮ್ಯೂನಿಕ್‌ನ ಪಶ್ಚಿಮಕ್ಕಿರುವ ಟ್ಯೂರ್ಕ್‌ಹೈಮ್‌ನಲ್ಲಿ. ಹೊರಗೆ ಬಂದಾಗ ಅಪ್ಪ, ಅಮ್ಮ, ಅಣ್ಣ, ಹೆಂಡತಿ ಯಾರೂ ಉಳಿದಿರಲಿಲ್ಲ. ಅಂಥವರು ಹೇಳಿದ್ದು ಇಷ್ಟು: ಬದುಕಿನಿಂದ ನನಗೇನು ಸಿಗುತ್ತದೆ ಅಂತ ಕೇಳುತ್ತಾ ಕೂತರೆ ಉತ್ತರ ಸಿಗುವುದಿಲ್ಲ, ಬದುಕು ಈಗ ನನ್ನಿಂದ ಏನು ಕೇಳುತ್ತಿದೆ ಅಂತ ನೋಡಬೇಕು. ಮಾಡುವ ಕೆಲಸದಲ್ಲಿ ಅರ್ಥ ಸಿಗಬಹುದು, ಪ್ರೀತಿಸುವವರಲ್ಲಿ ಸಿಗಬಹುದು, ತಪ್ಪಿಸಲಾಗದ ನೋವನ್ನು ಹೊರುವ ರೀತಿಯಲ್ಲೂ ಸಿಗಬಹುದು ಅಂದರು. ತಪ್ಪಿಸಲಾಗದ ಅನ್ನುವುದು ಇಲ್ಲಿ ಮುಖ್ಯ, ಯಾಕೆಂದರೆ ನಮ್ಮ ಕಡೆ ಎಲ್ಲದಕ್ಕೂ ಸಹಿಸಿಕೋ ಅಂತಾರೆ. ನಿನ್ನ ಒಂಟಿತನ ತಪ್ಪಿಸಬಹುದಾದದ್ದು. ಅದನ್ನು ಸಹಿಸಿಕೊಂಡು ಕೂರಬೇಡ.

ಈಗ ನಾನು ಕಂಡಿದ್ದು ಹೇಳುತ್ತೇನೆ. ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ನಿನಗೂ ಗೊತ್ತಿರುತ್ತದೆ, ನಾಲ್ಕನೇ ಜ್ವರ, ಅಂದರೆ ಹುಳು ನಾಲ್ಕನೇ ಸಲ ಪೊರೆ ಬಿಡುವುದು, ಅದರಿಂದ ಎದ್ದ ಮೇಲೆ ಗೂಡು ಕಟ್ಟುವವರೆಗಿನ ವಾರ ಇದೆಯಲ್ಲ, ಹುಳು ತನ್ನ ಆಯಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಹೆಚ್ಚುಪಾಲು ಆ ವಾರದಲ್ಲೇ ತಿನ್ನುತ್ತದೆ. ರಾತ್ರಿ ಎದ್ದು ಸೊಪ್ಪು ಹಾಕಬೇಕು. ಮದುವೆಗೆ ಕರೆದರೂ ಮನೆಯಲ್ಲಿ ಒಬ್ಬರು ಉಳಿಯಬೇಕು. ಅಮ್ಮನಿಗೆ ನಾನು ಯಾತಕ್ಕೆ ಬದುಕಿದ್ದೇನೆ ಅನ್ನುವ ಪ್ರಶ್ನೆ ಆ ವಾರ ಬರುವುದಕ್ಕೆ ಜಾಗವೇ ಇರಲಿಲ್ಲ. ಅದು ಸುಖದ ಬದುಕು ಅಂತ ನಾನು ಹೇಳುವುದಿಲ್ಲ. ಗೂಡಿನ ರೇಟು ಬಿದ್ದಾಗ ಮಾರ್ಕೆಟ್‌ನಿಂದ ಅಪ್ಪ ಬರುತ್ತಿದ್ದ ಮುಖ ಈಗಲೂ ನೆನಪಿದೆ. ಆದರೆ ನಮ್ಮ ಮನೆಯಲ್ಲಿ ಪ್ರತಿಯೊಬ್ಬರೂ ಯಾವುದಾದರೂ ಒಂದಕ್ಕೆ ಬೇಕಾಗಿದ್ದೆವು. ಪಕ್ಕದ ಮನೆಯಲ್ಲಿ ಸಾವಾದರೆ ಹೋಗಬೇಕು, ಯಾರದೋ ಮೋಟಾರ್ ಸುಟ್ಟರೆ ಬೈಕ್ ಹತ್ತಬೇಕು, ಅತ್ತೆ ಮಗಳ ಅರ್ಜಿ ತುಂಬಿಸಬೇಕು. ಕೇಳದೇ ಇದ್ದರೂ ಊರು ಕೆಲಸ ಹಚ್ಚುತ್ತಿತ್ತು.

ಇಲ್ಲಿ ಯಾರೂ ಹಚ್ಚುವುದಿಲ್ಲ. ಎಲ್ಲದಕ್ಕೂ ಆಫೀಸ್ ಇದೆ, ಇನ್ಶೂರೆನ್ಸ್ ಇದೆ, ಅಪಾಯಿಂಟ್‌ಮೆಂಟ್ ಇದೆ. ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ನೀನು ಇದ್ದೀಯೋ ಇಲ್ಲವೋ ಅಂತ ಕೇಳುವವರಿಲ್ಲ. ಇದರಲ್ಲಿ ಒಂದು ಸ್ವಾತಂತ್ರ್ಯವೂ ಇದೆ, ಮೊದಲ ತಿಂಗಳುಗಳಲ್ಲಿ ಅದು ಹಿತವಾಗೇ ಇರುತ್ತದೆ. ನಿನಗೆ ಈಗ ಭಾರ ಆಗುತ್ತಿರುವುದು ಅದೇ ಅಂತ ನನ್ನ ಅಂದಾಜು. ಜೊತೆಗೆ ಸಾಲವೂ ತೀರುತ್ತಿದೆ. ಡಿಗ್ರಿ, ಕೆಲಸ, ವೀಸಾ, ಸಾಲ ಅಂತ ಇಷ್ಟು ವರ್ಷ ಮುಂದೆ ಏನು ಮಾಡಬೇಕು ಅಂತ ಬೇರೆಯವರು ಹೇಳುತ್ತಾ ಬಂದರು. ಈಗ ಮುಂದಿನದನ್ನು ನೀನೇ ಹುಡುಕಬೇಕು.

ಮನೆಗೆ ದುಡ್ಡು ಕಳಿಸುತ್ತಿದ್ದೇನಲ್ಲ, ಅದು ಸಾಲದಾ ಅನ್ನಬಹುದು. ಅದನ್ನು ಚಿಕ್ಕದು ಮಾಡಬೇಡ. ಅಪ್ಪ ಬಡ್ಡಿ ಇಲ್ಲದೆ ಮಲಗುತ್ತಾರೆ ಅಂದರೆ ಅದು ನಿನ್ನ ದುಡಿಮೆ. ಆದರೆ ದುಡ್ಡು ಬ್ಯಾಂಕಿನಲ್ಲಿ ಹೋಗುತ್ತದೆ, ನೀನು ಇಲ್ಲೇ ಉಳಿಯುತ್ತೀಯ. ನೀನಿರುವ ಜಾಗದಲ್ಲೂ ಯಾರಿಗಾದರೂ ನೀನು ಬೇಕಾಗಬೇಕು. ಆ ಜಾಗವನ್ನು ನಾವೇ ಹೋಗಿ ಮಾಡಿಕೊಳ್ಳಬೇಕು. ನಾನು ಹೇಳುವುದು ಇದೊಂದೇ.

ಜರ್ಮನರು ಇದಕ್ಕೆ ದಾರಿ ಮಾಡಿಟ್ಟಿದ್ದಾರೆ. ಇವರಲ್ಲಿ ಫೆರೈನ್ ಅಂತ ಇದೆ, ನಮ್ಮ ಸಂಘದ ಹಾಗೆ, ಏಳು ಜನ ಸೇರಿದರೆ ನೋಂದಣಿ ಮಾಡಿಸಬಹುದು. ಹಾಡುವುದಕ್ಕೆ, ಬೆಟ್ಟ ಹತ್ತುವುದಕ್ಕೆ, ಜೇನು ಸಾಕುವುದಕ್ಕೆ, ಎಲ್ಲಕ್ಕೂ ಇದೆ. ಇಲ್ಲಿನ ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವವರು ಸಂಬಳದವರಲ್ಲ ಅಂತ ಗೊತ್ತಾ? ಬೇಕರಿಯವನು, ಮೇಷ್ಟ್ರು, ಬಡಗಿ, ಪೇಜರ್ ಕೂಗಿದರೆ ಕೈಯಲ್ಲಿರುವುದನ್ನು ಬಿಟ್ಟು ಓಡುತ್ತಾರೆ. ದೇಶದಲ್ಲಿ ಹತ್ತು ಲಕ್ಷದಷ್ಟು ಜನ ಹೀಗಿದ್ದಾರೆ. ಜರ್ಮನರು ತಣ್ಣಗಿರುತ್ತಾರೆ, ಯಾರೂ ಯಾರಿಗೂ ಇಲ್ಲ ಅಂತ ನಮ್ಮವರು ಹೇಳುವುದನ್ನು ಪೂರ್ತಿ ನಂಬಬೇಡ.

ನಾನು ಶನಿವಾರ ಟಾಫೆಲ್‌ಗೆ ಹೋಗುತ್ತೇನೆ. ಅಂಗಡಿಗಳಲ್ಲಿ ಮಿಕ್ಕ ಊಟದ ಸಾಮಾನು ತಂದು ಕೈ ಸಾಗದವರಿಗೆ ಹಂಚುವ ಜಾಗ ಅದು. 1993ರಲ್ಲಿ ಬರ್ಲಿನ್‌ನಲ್ಲಿ ಮೊದಲನೆಯದು ಶುರುವಾಯಿತು, ಈಗ ದೇಶದಲ್ಲಿ 900ಕ್ಕೂ ಹೆಚ್ಚು ಇವೆ. ಶುರುವಿನಲ್ಲಿ ನನ್ನ ಜರ್ಮನ್ ಅಷ್ಟಕ್ಕಷ್ಟೇ ಇತ್ತು, ಹಾಗಾಗಿ ತರಕಾರಿ ಆರಿಸುವುದಕ್ಕೆ ಹಾಕಿದರು. ಯಾವ ಟೊಮೆಟೊ ಇನ್ನೂ ಎರಡು ದಿನ ಬರುತ್ತದೆ, ಯಾವುದು ಇವತ್ತೇ ಹೋಗಬೇಕು ಅಂತ ಕೈಗೆ ಬಂದ ತಕ್ಷಣ ನಮಗೆ ಗೊತ್ತಾಗುತ್ತದೆ ಅಲ್ವಾ, ನಮ್ಮ ಕಡೆಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಷ್ಟು ವರ್ಷ ಇಲ್ಲಿದ್ದರೂ ನನ್ನ ಆ ತಿಳುವಳಿಕೆಯನ್ನು ಯಾರೂ ಕೇಳಿರಲಿಲ್ಲ. ಒಂದು ಶನಿವಾರ ಜ್ವರ ಬಂದು ಹೋಗಲಿಲ್ಲ, ಅಲ್ಲಿನ ಹಿರಿಯ ಹೆಂಗಸು ಫೋನ್ ಮಾಡಿ ಯಾಕೆ ಬರಲಿಲ್ಲ, ಹುಷಾರಾಗಿದ್ದೀಯಾ ಅಂತ ಕೇಳಿದರು. ಆಫೀಸಿನವರಲ್ಲದೆ ಈ ದೇಶದಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೇ ಮೊದಲು.

ಕನ್ನಡ ಸಂಘಕ್ಕೂ ಹೋಗು. ಆದರೆ ಯುಗಾದಿ ಊಟ ಮುಗಿಸಿ ಬಂದರೆ ಮನೆಗೆ ಬಂದ ಮೇಲೆ ಅದೇ ಖಾಲಿ. ಮಕ್ಕಳಿಗೆ ಕನ್ನಡ ಕಲಿಸುವ ಕೆಲಸ ಇದ್ದರೆ ಕೇಳಿ ತಗೋ. ನಾಲ್ಕು ಮಕ್ಕಳು ನಿನಗಾಗಿ ಕಾಯುತ್ತಾರೆ ಅಂದಾಗ ವಾರ ಬೇರೆ ಥರ ಆಗುತ್ತದೆ.

ವಾಪಸ್ ಹೋಗುವ ಮಾತು. ಗೌರಿಬಿದನೂರು ಕಡೆಯ ಹೊಸೂರಿನ ಎಚ್. ನರಸಿಂಹಯ್ಯನವರನ್ನು ನೆನೆಸಿಕೋ. ಅಮೆರಿಕದ ಓಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ 1960ರಲ್ಲಿ ಡಾಕ್ಟರೇಟ್ ಮಾಡಿ ಊರಿಗೆ ಬಂದರು. ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಬದುಕು ಕಳೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಅವರಿಗೆ ಊರ ಕಡೆ ಮಾಡುವ ಕೆಲಸ ಕಣ್ಣೆದುರು ಇತ್ತು, ಪಾಠ ಹೇಳಬೇಕಿತ್ತು. ನಿನಗೂ ಚಿಂತಾಮಣಿಯಲ್ಲಿ ಅಂಥದ್ದೊಂದು ಕಾಣುತ್ತಿದ್ದರೆ ಖಂಡಿತ ಹೋಗು, ನಾನು ತಡೆಯುವುದಿಲ್ಲ. ಭಾನುವಾರದಿಂದ ತಪ್ಪಿಸಿಕೊಳ್ಳುವುದಕ್ಕೆ ಮಾತ್ರ ಹೋಗುವುದಾದರೆ ಇನ್ನೊಂದು ವರ್ಷ ತಡಿ. ಬೆಂಗಳೂರಲ್ಲೂ ಭಾನುವಾರ ಬರುತ್ತದೆ.

ಇನ್ನೊಂದು, ಇದನ್ನು ಸಲೀಸಾಗಿ ತಗೋಬೇಡ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬೆಳಗ್ಗೆ ಏಳಲು ಆಗುತ್ತಿಲ್ಲ ಅಂತ ವಾರಗಟ್ಟಲೆ ಆದರೆ ಮೊದಲು ನಿನ್ನ ಮನೆ ಡಾಕ್ಟರ ಹತ್ತಿರ ಹೋಗು, ಆಮೇಲೆ ಅರ್ಥ ಹುಡುಕುವುದು. ಇಲ್ಲಿ ಅದಕ್ಕೆ ಇನ್ಶೂರೆನ್ಸ್ ಕೊಡುತ್ತದೆ, ನಾಚಿಕೆ ಪಡುವಂಥದ್ದಲ್ಲ. ನೀನು ಯಾವ ಊರಲ್ಲಿದ್ದೀಯ ಅಂತ ಬರೆದಿಲ್ಲ. ಬರಿ, ಅಲ್ಲಿ ಯಾರನ್ನು ಕೇಳಬೇಕು ಅಂತ ಹುಡುಕಿ ಹೇಳುತ್ತೇನೆ. ಮ್ಯೂನಿಕ್ ಹತ್ತಿರ ಆದರೆ ಶನಿವಾರ ನನ್ನ ಜೊತೆಗೇ ಬಾ.