ಡಿವಿಡಿಯಿಂದ ಲಿನಕ್ಸ್ ಹಾಕುವಾಗ ಅರ್ಧಕ್ಕೆ ನಿಲ್ಲುತ್ತದೆ, ಹಾರ್ಡ್ ಡಿಸ್ಕ್ ಬದಲಿಸಬೇಕಾ?

ಈಗಲೇ ಬದಲಿಸಬೇಡಿ. ನೀವು ಬರೆದದ್ದನ್ನು ನೋಡಿದರೆ ತೊಂದರೆ ಡಿವಿಡಿ ಡಿಸ್ಕಿನಲ್ಲೋ ಅದನ್ನು ಓದುವ ಡ್ರೈವ್‌ನಲ್ಲೋ ಇರುವ ಸಾಧ್ಯತೆಯೇ ಜಾಸ್ತಿ. ಅಂಗಡಿಗೆ ಹೋಗದೆ ಮನೆಯಲ್ಲೇ ಅದನ್ನು ಪತ್ತೆ ಮಾಡಬಹುದು.

ನೀವು ಹೇಳಿದ್ದು ಇಷ್ಟು: ಸೋಮವಾರಪೇಟೆ ಹತ್ತಿರ ಮನೆ. ಹಳೇ ಲ್ಯಾಪ್‌ಟಾಪ್, ಪೆನ್‌ಡ್ರೈವ್‌ನಿಂದ ಬೂಟ್ ಆಗುವುದಿಲ್ಲ, ಅಂದರೆ ಶುರುವಾಗುವುದಿಲ್ಲ. ಕುಶಾಲನಗರದ ಗೆಳೆಯರು ವಿಂಡೋಸ್ ಬದಲು ಹಾಕುವ ಲಿನಕ್ಸ್ ಮಿಂಟ್ 22ರ ಡಿವಿಡಿ ಮಾಡಿಕೊಟ್ಟರು. ಇನ್‌ಸ್ಟಾಲ್ ಮಾಡದೆ ಡಿವಿಡಿಯಿಂದಲೇ ತೆರೆಯುವ ಡೆಸ್ಕ್‌ಟಾಪ್ ಚೆನ್ನಾಗಿ ಬರುತ್ತದೆ. ಇನ್‌ಸ್ಟಾಲ್ ಒತ್ತಿದರೆ ಮಾತ್ರ ಫೈಲ್ ಕಾಪಿ ಆಗುವಾಗ 'ಇನ್‌ಪುಟ್/ಔಟ್‌ಪುಟ್ ಎರರ್ 5' ಅಂತ ಬಂದು ನಿಲ್ಲುತ್ತದೆ. ಮೂರು ಸಲ ಹೀಗಾಯಿತು. ಸಿ ಡ್ರೈವ್‌ಗೆ ಮಾತ್ರ ಹಾಕಲು ನೋಡಿದ್ದೀರಿ, ಡಿ ಡ್ರೈವ್‌ನಲ್ಲಿ ಮಗಳ ಫೋಟೋಗಳಿವೆ. ಅಂಗಡಿಯವರು ಹಾರ್ಡ್ ಡಿಸ್ಕ್ ಹೋಗಿದೆ ಎಂದಿದ್ದಾರೆ.

ಮೊದಲು ಫೋಟೋ. ಇನ್ನೊಂದು ಸಲ ಇನ್‌ಸ್ಟಾಲ್ ಒತ್ತುವ ಮುಂಚೆ ಅದೇ ಡಿವಿಡಿಯಿಂದ ಡೆಸ್ಕ್‌ಟಾಪ್ ತೆರೆದು, ಫೈಲ್ ಮ್ಯಾನೇಜರ್‌ನ ಎಡಗಡೆ ಕಾಣುವ ಡ್ರೈವ್‌ಗಳಲ್ಲಿ ನಿಮ್ಮ ಡಿ ಡ್ರೈವ್‌ಗೆ ಹೋಗಿ (ಲಿನಕ್ಸ್‌ನಲ್ಲಿ ಡಿ ಎಂಬ ಅಕ್ಷರ ಕಾಣುವುದಿಲ್ಲ, ತೆರೆದು ಫೋಟೋ ನೋಡಿ ಗುರುತಿಸಿ), ಎಲ್ಲವನ್ನೂ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಪೆನ್‌ಡ್ರೈವ್‌ನಿಂದ ಬೂಟ್ ಆಗದಿದ್ದರೂ ಕಾಪಿಗೆ ಏನೂ ಅಡ್ಡಿಯಿಲ್ಲ. ಹಾರ್ಡ್ ಡಿಸ್ಕ್ ನಿಜವಾಗಿ ಕೆಟ್ಟಿದ್ದರೂ ಫೋಟೋ ಉಳಿಯಬೇಕು ಅಲ್ವಾ?

ಈಗ ಆ ಎರರ್ ವಿಷಯ. ಅದರ ಕೆಳಗೆ ಇರುವ ಸಣ್ಣಕ್ಷರದ ಸಾಲನ್ನು ಯಾರೂ ಓದುವುದಿಲ್ಲ. ಸಿಡಿ, ಡಿವಿಡಿ, ಡ್ರೈವ್ ಅಥವಾ ಹಾರ್ಡ್ ಡಿಸ್ಕ್, ಇವುಗಳಲ್ಲಿ ಯಾವುದಾದರೂ ಕೆಟ್ಟಿರಬಹುದು ಅಂತ ಅದರಲ್ಲೇ ಬರೆದಿದೆ. ಹಾರ್ಡ್ ಡಿಸ್ಕ್ ಒಂದನ್ನೇ ಅದು ದೂರುತ್ತಿಲ್ಲ. ಯಾವುದು ಕೆಟ್ಟಿದೆ ಎಂಬುದನ್ನು ಕಂಪ್ಯೂಟರ್ ಬೇರೆ ಕಡೆ ಬರೆದಿಟ್ಟಿರುತ್ತದೆ. ಎರರ್ ಬಂದ ಕೂಡಲೇ ಆ ಕಿಟಕಿ ಮುಚ್ಚಿ, ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆಯಿರಿ. ಎಸ್ ಯು ಡಿ ಒ, ಒಂದು ಜಾಗ ಬಿಟ್ಟು, ಡಿ ಎಂ ಇ ಎಸ್ ಜಿ ಅಂತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಉದ್ದಕ್ಕೆ ಸಾಲುಗಳು ಬರುತ್ತವೆ. ಕೊನೆಯ ಇಪ್ಪತ್ತು ಮೂವತ್ತು ಸಾಲು ನೋಡಿದರೆ ಸಾಕು. ಐ/ಓ ಎರರ್ ಎಂಬ ಮಾತಿನ ಪಕ್ಕ 'ಎಸ್‌ಆರ್‌0' ಎಂದಿದ್ದರೆ ಅದು ಡಿವಿಡಿ ಡ್ರೈವ್. 'ಎಸ್‌ಡಿಎ' ಎಂದಿದ್ದರೆ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಒಂದು ಸಾಲಿನಲ್ಲಿ.

ಡೆಸ್ಕ್‌ಟಾಪ್ ಬರುತ್ತದೆ, ಹಾಗಾದರೆ ಡಿಸ್ಕ್ ಚೆನ್ನಾಗಿದೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಡೆಸ್ಕ್‌ಟಾಪ್ ತೆರೆಯಲು ಡಿವಿಡಿಯಿಂದ ಬೇಕಾದಷ್ಟನ್ನೇ ಓದುತ್ತದೆ. ಇನ್‌ಸ್ಟಾಲ್ ಮಾಡುವಾಗ ಸುಮಾರು ಎಲ್ಲವನ್ನೂ ಓದಲೇಬೇಕು. ಸಿನಿಮಾ ಡಿವಿಡಿಯಲ್ಲಿ ಒಂದು ಚುಕ್ಕಿ ಓದಲು ಆಗದಿದ್ದರೆ ಚಿತ್ರ ಒಂದು ಕ್ಷಣ ಕದಲಿ ಮುಂದೆ ಹೋಗುತ್ತದೆ. ಇಲ್ಲಿ ಹಾಗೆ ಬಿಟ್ಟು ಮುಂದೆ ಹೋಗುವಂತಿಲ್ಲ. ಸಣ್ಣ ಗೀರಿದ್ದರೆ ಸರಿಪಡಿಸಿಕೊಳ್ಳುವ ವ್ಯವಸ್ಥೆ ಡಿವಿಡಿಯಲ್ಲೇ ಇದೆ, ಆದರೆ ಅದಕ್ಕೂ ಒಂದು ಮಿತಿ ಇದೆ.

ನನಗೆ ಇದು ಗೊತ್ತಾದದ್ದು ದುಡ್ಡು ಕಳೆದುಕೊಂಡ ಮೇಲೆ. ನಮ್ಮದು ನಾಪೋಕ್ಲು ಕಡೆ. ಒಂದು ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಮಳೆ ಹಗಲು ರಾತ್ರಿ ಹಿಡಿದುಕೊಂಡಿದ್ದಾಗ, ತೋಟದ ಲೆಕ್ಕ ಬರೆಯುವ ಲ್ಯಾಪ್‌ಟಾಪ್‌ಗೆ ಹೊಸದಾಗಿ ಲಿನಕ್ಸ್ ಹಾಕಲು ಹೊರಟೆ. ಇದೇ ಎರರ್. ಒಂದು ಅಂಗಡಿಯಲ್ಲಿ ಹಾರ್ಡ್ ಡಿಸ್ಕ್ ಹೋಗಿದೆ ಎಂದರು, ಹೊಸದು ಹಾಕಿಸಿದೆ. ಮನೆಗೆ ತಂದು ನೋಡಿದರೆ ಮತ್ತೆ ಅದೇ. ಆಮೇಲೆ ಆ ಸಾಲು ಓದಿದೆ, ಎಸ್‌ಆರ್‌0 ಎಂದಿತ್ತು. ಟ್ರೇ ಹೊರಗೆ ಎಳೆದು ಟಾರ್ಚ್ ಬಿಟ್ಟು ನೋಡಿದೆ. ಲೆನ್ಸಿನ ಮೇಲೆ ಮಂಜಿನಂಥ ಪದರ. ಚಪ್ಪಲಿ, ಬೆಲ್ಟ್, ಪುಸ್ತಕ ಎಲ್ಲದಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ ಲೆನ್ಸಿಗೆ ಮಾತ್ರ ಹಿಡಿಯದೆ ಇರುತ್ತದೆಯೇ? ಅವತ್ತು ನನಗೆ ಅದು ಹೊಳೆಯಲೇ ಇಲ್ಲ.

ಹಾಗಾಗಿ ಎಸ್‌ಆರ್‌0 ಅಂತ ಬಂದರೆ ಮೊದಲು ಲ್ಯಾಪ್‌ಟಾಪ್ ಅರ್ಧ ಗಂಟೆ ಸುಮ್ನೆ ಓಡಲಿ, ಬಿಸಿಗೆ ಒಳಗಿನ ತೇವ ಆರುತ್ತದೆ. ಆಮೇಲೆ ಆಫ್ ಮಾಡಿ ಲೆನ್ಸ್ ಒರೆಸಿ. ಲ್ಯಾಪ್‌ಟಾಪ್ ಡ್ರೈವ್‌ನಲ್ಲಿ ಲೆನ್ಸ್ ಟ್ರೇಯ ಜೊತೆಗೇ ಹೊರಗೆ ಬರುತ್ತದೆ, ಏನನ್ನೂ ಬಿಚ್ಚಬೇಕಿಲ್ಲ. ಆಫ್ ಮಾಡಿದಾಗ ಟ್ರೇ ಬರದಿದ್ದರೆ ಅದರ ಮುಂದಿನ ಸಣ್ಣ ತೂತಿಗೆ ಪಿನ್ ಒತ್ತಿ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೇ ಹನಿ ಹಾಕಿ, ತೀರಾ ಮೆಲ್ಲಗೆ ಸವರಿ. ಲೆನ್ಸ್ ಕೂತಿರುವುದು ಕೂದಲಿನಂಥ ತಂತಿಗಳ ಮೇಲೆ, ಒತ್ತಿದರೆ ಕೆಲಸ ಕೆಡುತ್ತದೆ. ಬಾಯಿಂದ ಊದಬೇಡಿ, ಉಸಿರಿನ ತೇವ ಮತ್ತೆ ಕೂರುತ್ತದೆ. ಡಿಸ್ಕನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ.

ಇನ್ನು ಡಿಸ್ಕ್ ಪರೀಕ್ಷೆ. ಬೂಟ್ ಆಗುವಾಗ ಬರುವ ಮೆನುವಿನಲ್ಲಿ 'ಇಂಟೆಗ್ರಿಟಿ ಚೆಕ್' ಇದೆ, ಅದನ್ನು ಆರಿಸಿ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಬಿಟ್ಟು ಬೇರೆ ಕೆಲಸ ನೋಡಿ. ಅದೇ ಡಿಸ್ಕನ್ನು ಇನ್ನೊಬ್ಬರ ಕಂಪ್ಯೂಟರ್‌ನಲ್ಲೂ ಹೀಗೇ ನೋಡಲು ಆದರೆ ಇನ್ನೂ ಒಳ್ಳೆಯದು. ಅಲ್ಲಿ ಪಾಸಾಗಿ ನಿಮ್ಮಲ್ಲಿ ಫೇಲಾದರೆ ಡ್ರೈವ್ ಮೇಲೆ ಅನುಮಾನ. ಎರಡು ಕಡೆಯೂ ಫೇಲಾದರೆ ಡಿಸ್ಕೇ ಸರಿಯಿಲ್ಲ. ಆಗ ಗೆಳೆಯರಿಗೆ ಹೇಳಿ ಹೊಸ ಡಿಸ್ಕಿಗೆ ಬರೆಸಿ: 16ಎಕ್ಸ್ ಬೇಡ, 4ಎಕ್ಸ್ ಅಥವಾ 8ಎಕ್ಸ್ ವೇಗ ಸಾಕು, ಬರೆದ ಮೇಲೆ ವೆರಿಫೈ ಮಾಡಲಿ. ಅದಕ್ಕೂ ಮೊದಲು ಅವರು ಇಳಿಸಿಕೊಂಡ, ಡಿವಿಡಿಗೆ ಬರೆಯುವ ಐಎಸ್‌ಒ ಫೈಲೇ ಸರಿ ಇದೆಯಾ ನೋಡಬೇಕು. ನಮ್ಮ ಕಡೆಯ ನೆಟ್‌ವರ್ಕ್‌ನಲ್ಲಿ ಡೌನ್‌ಲೋಡ್ ನಡುವೆ ಎಷ್ಟು ಸಲ ಕಡಿಯುತ್ತದೆ ನಿಮಗೇ ಗೊತ್ತು. ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಶಾ-256 ಎಂಬ ಪರಿಶೀಲನಾ ಸಂಖ್ಯೆ ತೆಗೆದು, ಮಿಂಟ್‌ನವರು ತಮ್ಮ ಪುಟದಲ್ಲಿ ಕೊಟ್ಟ ಸಂಖ್ಯೆಗೆ ಹೋಲಿಸಲಿ. ಒಂದು ಅಕ್ಷರ ಬೇರೆ ಇದ್ದರೂ ಆ ಫೈಲ್ ಬಿಡಿ. ಮಿಂಟ್ ಬದಲು ಉಬುಂಟು 24.04 ಹಾಕೋಣ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು 5 ಜಿಬಿ ದಾಟುತ್ತದೆ, 4.7 ಜಿಬಿಯ ಡಿವಿಡಿಯಲ್ಲಿ ಹಿಡಿಯುವುದಿಲ್ಲ.

ಎಸ್‌ಡಿಎ ಅಂತ ಬಂದರೆ ಅಂಗಡಿಯವರ ಮಾತು ನಿಜ ಇರಬಹುದು. ಆಗಲೂ ಒಂದು ಸಲ ಖಚಿತ ಮಾಡಿಕೊಳ್ಳಿ. ಮೆನುವಿನಲ್ಲಿ 'ಡಿಸ್ಕ್ಸ್' ತೆರೆದು, ಹಾರ್ಡ್ ಡಿಸ್ಕ್ ಆರಿಸಿ, ಸ್ಮಾರ್ಟ್ ಡೇಟಾ (ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಎಂಬ, ಕೆಟ್ಟ ಜಾಗಗಳನ್ನು ಎಣಿಸುವ ಎರಡು ಸಾಲು ಸೊನ್ನೆಯಲ್ಲಿದ್ದರೆ ಬದಲಿಸುವ ಮೊದಲು ಇನ್ನೊಬ್ಬರಿಗೆ ತೋರಿಸಿ. ದಿನದಿನಕ್ಕೂ ಏರುತ್ತಿದ್ದರೆ ಬದಲಿಸಿ.

ಎರಡೂ ಹೆಸರು ಬರದೆ, ಪ್ರತಿ ಸಲ ಬೇರೆ ಬೇರೆ ಫೈಲ್‌ನಲ್ಲಿ ನಿಂತರೆ ರ‍್ಯಾಮ್, ಅಂದರೆ ಕಂಪ್ಯೂಟರ್‌ನ ಮೆಮೊರಿ ನೋಡಬೇಕು. ಅದೇ ಬೂಟ್ ಮೆನುವಿನಲ್ಲಿ ಮೆಮೊರಿ ಟೆಸ್ಟ್ ಇದೆ, ರಾತ್ರಿ ಹಾಕಿ ಮಲಗಿ. ಬ್ಯಾಟರಿ ಸತ್ತಿದ್ದರೆ ಮಾತ್ರ ಗಾಳಿಮಳೆಯ ದಿನ ಇನ್‌ಸ್ಟಾಲ್‌ಗೆ ಕೈ ಹಾಕಬೇಡಿ. ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದರೆ ಅರ್ಧ ಇನ್‌ಸ್ಟಾಲ್‌ನಲ್ಲಿ ಕರೆಂಟ್ ಹೋಗುತ್ತದೆ.

ನನ್ನ ಹತ್ತಿರ ಮಿಂಟ್ 22ರ ಡಿವಿಡಿ ಒಂದಿದೆ. 4ಎಕ್ಸ್‌ನಲ್ಲಿ ಬರೆದು ಪರೀಕ್ಷೆ ಮಾಡಿ, ಬೂಷ್ಟು ಹಿಡಿಯದಂತೆ ಬಲ್ಬ್ ಉರಿಸಿಟ್ಟ ಕಪಾಟಿನಲ್ಲಿ ಕ್ಯಾಮೆರಾ ಜೊತೆ ಇಟ್ಟಿದ್ದೇನೆ. ಎಸ್‌ಆರ್‌0 ಬಂತಾ, ಎಸ್‌ಡಿಎ ಬಂತಾ ಇಲ್ಲೇ ಕೆಳಗೆ ಬರೆಯಿರಿ. ಡಿಸ್ಕಿನದೇ ತೊಂದರೆ ಎಂದಾದರೆ ಮಡಿಕೇರಿಗೆ ಹೋಗುವವರ ಕೈಯಲ್ಲಿ ಅದನ್ನು ಕಳಿಸಿಕೊಡುತ್ತೇನೆ.