ಸ್ಕ್ರೈಬಸ್ ಕಲಿಯುವಾಗ ಬೇಕಾದ ಸೌಲಭ್ಯವೇ ಇಲ್ಲದಿದ್ದರೆ ಏನು ಮಾಡೋದು?

ಇನ್‌ಡಿಸೈನ್ (ಪುಸ್ತಕ, ಪತ್ರಿಕೆಗಳ ಪುಟ ವಿನ್ಯಾಸ ಮಾಡುವ ಅಡೋಬಿಯ ತಂತ್ರಾಂಶ) ರೂಢಿಯಾದ ಮೇಲೆ ಅದೇ ಕೆಲಸದ ಉಚಿತ ತಂತ್ರಾಂಶ ಸ್ಕ್ರೈಬಸ್ ಕಲಿಯಲು ಹೊರಟಿದ್ದೀರಿ. ಎರಡು ವಾರಕ್ಕೇ 'ಅದಿಲ್ಲ, ಇದಿಲ್ಲ' ಎಂದು ಸಾಕಾಗಿದೆ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ನನಗೂ ಹಾಗೇ ಆಗಿತ್ತು. ಈಗಲೇ ಬಿಡಬೇಡಿ. ಮೊದಲು ನಿಮ್ಮಲ್ಲಿರುವ ಆವೃತ್ತಿ ಯಾವುದು ನೋಡಿ. ಹಳೆಯ 1.4 ಆಗಿದ್ದರೆ ಇವತ್ತೇ ಕಿತ್ತುಹಾಕಿ, ಅದರಲ್ಲಿ ನಮ್ಮ ಒತ್ತಕ್ಷರಗಳು ಚೆಲ್ಲಾಪಿಲ್ಲಿ. 2017ರ 1.5.3ರಿಂದ ಆ ಕಾಟ ತಪ್ಪಿತು. 2024ರ ಜನವರಿಯಲ್ಲಿ ಬಂದ 1.6 ಹಾಕಿಕೊಳ್ಳಿ.

ಕಾಣಿಸದ್ದೆಲ್ಲ ಇಲ್ಲ ಅಂತಲ್ಲ. ಚಿತ್ರದ ಸುತ್ತ ಮ್ಯಾಟರ್ ಹರಿಯುವಂತೆ ಮಾಡಲು ನಾನು ಒಂದು ಸಂಜೆ ಪೂರ್ತಿ ಮ್ಯಾಟರ್ ಇದ್ದ ಫ್ರೇಮನ್ನೇ (ಪಠ್ಯ ಅಥವಾ ಚಿತ್ರ ಕೂರಿಸುವ ಚೌಕಟ್ಟು) ಕೆದಕುತ್ತಾ ಕೂತಿದ್ದೆ. ಆ ಸೆಟ್ಟಿಂಗ್ ಇರುವುದು ಚಿತ್ರದ ಫ್ರೇಮಿನಲ್ಲಿ! ಅದೂ ಅಲ್ಲದೆ ಚಿತ್ರ ಮ್ಯಾಟರಿಗಿಂತ ಮೇಲಿರಬೇಕು. ಕೆಳಗೆ ಸೇರಿಕೊಂಡಿದ್ದರೆ ಏನು ಒತ್ತಿದರೂ ಅಕ್ಷರ ಜರುಗುವುದಿಲ್ಲ. ಅದಕ್ಕೇ ಸಹಾಯ ಹುಡುಕುವಾಗ ಇನ್‌ಡಿಸೈನ್ ಮೆನುವಿನ ಹೆಸರು ಟೈಪ್ ಮಾಡಬೇಡಿ, ಆಗಬೇಕಾದ ಕೆಲಸವನ್ನು ಟೈಪ್ ಮಾಡಿ.

ನಿಜವಾಗಿಯೂ ಇಲ್ಲದ್ದೂ ಇದೆ. ಇನ್‌ಡಿಸೈನ್‌ನ ಗ್ರೆಪ್ ಸ್ಟೈಲ್, ಅಂದರೆ ನಾವು ಕೊಟ್ಟ ಮಾದರಿಗೆ ಹೊಂದುವ ಅಕ್ಷರಗಳಿಗೆ ತಾನೇ ರೂಪ ಹಚ್ಚುವ ಸೌಲಭ್ಯ, ಇಲ್ಲಿಲ್ಲ. ನಾನೀಗ ಆ ಥರದ ಕೆಲಸವನ್ನೆಲ್ಲ ಲಿಬ್ರೆಆಫೀಸ್ ರೈಟರ್ ಅನ್ನುವ ಬರವಣಿಗೆ ತಂತ್ರಾಂಶದಲ್ಲೇ ಮುಗಿಸುತ್ತೇನೆ. ಅಲ್ಲಿನ ಹುಡುಕು-ಬದಲಿಸು ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ಆನ್ ಮಾಡಿದರೆ ಎರಡೆರಡು ಸ್ಪೇಸು, ಖಾಲಿ ಸಾಲು ಎಲ್ಲ ಒಂದೇ ಸಲಕ್ಕೆ ಹೋಗುತ್ತವೆ. ತಲೆಬರಹಕ್ಕೆ ಸ್ಟೈಲ್ (ಹೆಸರಿಟ್ಟ ಅಕ್ಷರ ವಿನ್ಯಾಸ) ಹಚ್ಚಿ ಓಡಿಟಿ (ರೈಟರ್‌ನ ಸ್ವಂತ ರೂಪ) ಕಡತವಾಗಿ ಉಳಿಸಿದರೆ ಸ್ಕ್ರೈಬಸ್ ಆ ಸ್ಟೈಲುಗಳ ಸಮೇತ ತೆಗೆದುಕೊಳ್ಳುತ್ತದೆ.

ಅತಿ ಹೆಚ್ಚು ಗೋಳಾಡಿಸಿದ್ದು ಪರಿವಿಡಿ. 1.6ರಲ್ಲಿ ಅದು ತಲೆಬರಹದ ಸ್ಟೈಲನ್ನು ನೋಡುವುದೇ ಇಲ್ಲ, ಫ್ರೇಮಿಗೆ ಅಂಟಿಸಿದ ಗುಣಲಕ್ಷಣವನ್ನು (ಅಟ್ರಿಬ್ಯೂಟ್, ಫ್ರೇಮಿನ ಜೊತೆ ಬರೆದಿಡುವ ಮಾಹಿತಿ) ನೋಡುತ್ತದೆ. ಇದು ಗೊತ್ತಿಲ್ಲದೆ ನಾನು ಮೂರನೇ ದಿನವೇ ಕೈಯಲ್ಲಿ ಪರಿವಿಡಿ ಮಾಡಿದೆ. ಟ್ಯಾಬ್ ಹಾಕಿ, ಚುಕ್ಕಿ ಎಳೆದು, ನೀಟಾಗಿ. ಆಮೇಲೆ ಎರಡನೇ ಅಧ್ಯಾಯಕ್ಕೆ ಒಂದು ಪುಟ ಸೇರಿತು. ಅಲ್ಲಿಂದ ಮುಂದಿನ ಅಂಕಿಗಳೆಲ್ಲ ತಪ್ಪು. ಈಗ ಪ್ರತಿ ಅಧ್ಯಾಯದ ಮೊದಲ ಪುಟದಲ್ಲಿ ಒಂದು ಪುಟ್ಟ ಖಾಲಿ ಫ್ರೇಮ್ ಇಟ್ಟು, ಅಧ್ಯಾಯದ ಹೆಸರನ್ನು ಅದರ ಗುಣಲಕ್ಷಣಕ್ಕೆ ಬರೆಯುತ್ತೇನೆ. ಮುದ್ರಣವಾಗದಂತೆ ಗುರುತು ಹಾಕಿದರೆ ಅದು ಪುಸ್ತಕದಲ್ಲಿ ಕಾಣುವುದಿಲ್ಲ. ಆದರೆ ಪರಿವಿಡಿಯ ಸೆಟ್ಟಿಂಗಿನಲ್ಲಿ ಮುದ್ರಣವಾಗದವನ್ನೂ ಸೇರಿಸು ಅನ್ನುವುದಕ್ಕೆ ಟಿಕ್ ಹಾಕಬೇಕು. ಹೆಸರು ಎರಡೆರಡು ಸಲ ಬರೆಯುವುದು ಕಿರಿಕಿರಿಯೇ, ಸುಳ್ಳು ಹೇಳಲ್ಲ. ಪುಟ ಜರುಗಿದರೆ ಮತ್ತೊಮ್ಮೆ ಪರಿವಿಡಿ ತಯಾರಿಸು ಎಂದರೆ ಸಾಕು, ಅಂಕಿ ಸರಿಹೋಗುತ್ತವೆ.

ಕೈಕೆಲಸ ಮಾಡಲೇಬೇಕಾಗಿ ಬಂದರೆ ಕರಡು ತಿದ್ದಿ ಮುಗಿದ ಮೇಲೆ ಮಾಡಿ, ಅದೂ ಕಡತದ ಬೇರೆ ಪ್ರತಿಯಲ್ಲಿ.

ಒಂದು ಕಡೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಇನ್‌ಡಿಸೈನ್‌ನ ಮೂಲ ಕಡತವನ್ನು ಸ್ಕ್ರೈಬಸ್ ತೆರೆಯುವುದಿಲ್ಲ. ಐಡಿಎಂಎಲ್ (ಇನ್‌ಡಿಸೈನ್ ಹೊರಗೆ ಕೊಡಲು ಬರೆಯುವ ಕಡತ ರೂಪ) ಕೊಟ್ಟರೆ ಓದುತ್ತದೆ, ಅದರಲ್ಲೂ ಒಂದಿಷ್ಟು ಆಚೀಚೆ ಆಗುತ್ತದೆ. ವಾಪಸ್ ಆ ರೂಪದಲ್ಲಿ ಬರೆದುಕೊಡಲು ಬರುವುದಿಲ್ಲ. ನಿಮ್ಮದು ದಿನಾ ಬೇರೆಯವರ ಜೊತೆ ಕಡತ ಕೊಟ್ಟು ತೆಗೆದುಕೊಳ್ಳುವ ಕೆಲಸ ಅಂದ್ರೆ ಸುಮ್ನೆ ಗುದ್ದಾಡಬೇಡಿ, ಅದಕ್ಕೆ ಇನ್‌ಡಿಸೈನೇ ಇರಲಿ.